ಎಂ50ಎಕ್ಸ್ ಹೆಡ್‌ಫೋನ್: ಹೌಸ್‌ನಿಂದ ಡ್ರಮ್ ಆ್ಯಂಡ್ ಬೇಸ್‌ವರೆಗೆ, ಮಲೆನಾಡಿನ ಮಳೆಯಲ್ಲಿ

ಬಿಗ್ ರೂಮ್ ಕೇಳುವವರು ಇನ್ನೂ ಎಳಸು, ಟೆಕ್ನೊಗೆ ಬಂದವರ ಕಿವಿ ಬಲಿತಿದೆ. ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬಿಗ್ ರೂಮ್, ಟೆಕ್ನೊ, ಹೌಸ್ ಎಲ್ಲ ಆ ಸಂಗೀತದ ಪ್ರಕಾರಗಳು. ಹಾಸನ, ಚಿಕ್ಕಮಗಳೂರಿನ ಕಾಲೇಜು ಹಾಸ್ಟೆಲ್‌ಗಳಲ್ಲೂ ಅದೇ ವಾದ. ಯಾರು ಯಾವುದರಲ್ಲಿ ಕೇಳುತ್ತಿದ್ದಾರೆ ಅನ್ನುವ ಪ್ರಶ್ನೆ ಮಾತ್ರ ಏಳುವುದಿಲ್ಲ. ಮೊಬೈಲ್ ಸ್ಪೀಕರ್‌ನಲ್ಲಿ ಡೀಪ್ ಹೌಸ್ ಹಾಕಿದರೆ ಆ ಸಂಗೀತದ ಅರ್ಧ ಭಾಗ ಹೊರಗೇ ಬರುವುದಿಲ್ಲ. ಅದು ಬೋರು ಅನ್ನಿಸಿದರೆ ಕಿವಿಯನ್ನು ದೂರಿ ಏನು ಬಂತು? ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಹೆಡ್‌ಫೋನನ್ನು ಅಳೆಯುವಾಗ ಪ್ರಕಾರಗಳನ್ನು ಒಂದೊಂದಾಗಿ ಅದರ ಮೇಲೆ ಹಾಕಿ ನೋಡಲೇಬೇಕಾದದ್ದು ಅದಕ್ಕೇ.

ವಸ್ತುವಿನ ವಿವರ ಮೊದಲು. ಜಪಾನಿನ ಈ ಕಂಪನಿಯ ಎಂ50 ಬಂದದ್ದು 2007ರಲ್ಲಿ, ಕೇಬಲ್ ಬಿಚ್ಚಿ ಬದಲಾಯಿಸಬಹುದಾದ ಎಂ50ಎಕ್ಸ್ 2014ರಲ್ಲಿ. ಒಳಗಿರುವುದು 45 ಮಿಲಿಮೀಟರಿನ ಡ್ರೈವರ್ (ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್), ರೋಧ 38 ಓಮ್, ಕೇಬಲ್ ಬಿಟ್ಟು ತೂಕ 285 ಗ್ರಾಂ. ಹಿಂಭಾಗ ಮುಚ್ಚಿದ, ಕಿವಿಯನ್ನು ಪೂರ್ತಿ ಆವರಿಸುವ ಮಾದರಿ. ಬಟ್ಟಲುಗಳು 90 ಡಿಗ್ರಿ ತಿರುಗುತ್ತವೆ, ಒಳಕ್ಕೆ ಮಡಚಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಮೂರು ಕೇಬಲ್: 1.2 ಮೀಟರಿನ ನೇರ, 3 ಮೀಟರಿನ ನೇರ, ಮತ್ತು 1.2ರಿಂದ 3 ಮೀಟರಿಗೆ ಹಿಗ್ಗುವ ಸುರುಳಿ. ಮೊಬೈಲಿಗೆ ಗಿಡ್ಡದ್ದು ಸಾಕು. ಯಾವ ಕೇಬಲ್‌ನಲ್ಲೂ ಮೈಕ್ ಇಲ್ಲ, ಹಾಗಾಗಿ ಫೋನ್ ಬಂದರೆ ಇದರಲ್ಲಿ ಮಾತಾಡಲು ಆಗದು.

ಹತ್ತು ಸಾವಿರ ರೂಪಾಯಿ ದಾಟುವ ಈ ವಸ್ತು ಮೊಬೈಲ್ ಸ್ಪೀಕರಿಗಿಂತ ಏನು ಹೆಚ್ಚು ಕೊಡುತ್ತದೆ? ಮುಖ್ಯವಾಗಿ, ಕೆಳಗಿನ ಎರಡು ಸಪ್ತಕ. ಕಿಕ್ ಡ್ರಮ್ಮಿನ, ಅಂದರೆ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ, ಮೂಲ ಕಂಪನ ಸಾಮಾನ್ಯವಾಗಿ 45ರಿಂದ 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ) ನಡುವೆ ಇರುತ್ತದೆ, ಸಬ್-ಬೇಸ್, ಅಂದರೆ ಬೇಸ್‌ನ ತೀರಾ ತಳದ ಸದ್ದು, 30ರಿಂದ 60ರ ನಡುವೆ. ಮೊಬೈಲಿನ ಪುಟ್ಟ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಬಹುಮಟ್ಟಿಗೆ ಮೂಕ. ಅದರಲ್ಲೂ ಬೇಸ್ ಕೇಳಿದಂತೆ ಅನ್ನಿಸುವುದು ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಹಾರ್ಮೋನಿಕ್ಸ್ ಹಿಡಿದು ಮೆದುಳು ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುವುದರಿಂದ. ಸಂಗೀತ ತಯಾರಿಸುವವರಿಗೂ ಇದು ಗೊತ್ತು. ಸಣ್ಣ ಸ್ಪೀಕರಿನಲ್ಲೂ ದಾಟಲಿ ಎಂದು ಸಬ್-ಬೇಸ್‌ಗೆ ಬೇಕೆಂದೇ ಸ್ವಲ್ಪ ಡಿಸ್ಟಾರ್ಷನ್, ಅಂದರೆ ಒಡಕು, ಬೆರೆಸುತ್ತಾರೆ. ಆದರೆ ಎಲ್ಲ ಪ್ರಕಾರಗಳಲ್ಲೂ ಹಾಗೆ ಮಾಡುವುದಿಲ್ಲ. ರುಚಿಯ ಜಗಳ ಹುಟ್ಟುವುದು ಅಲ್ಲಿಂದ.

ಡಬ್‌ಸ್ಟೆಪ್ ಇದಕ್ಕೆ ಒಳ್ಳೆಯ ಉದಾಹರಣೆ. 2000ದ ದಶಕದ ಆರಂಭದಲ್ಲಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಸುತ್ತಮುತ್ತ ಹುಟ್ಟಿದಾಗ ಅದು ಬಹಳ ಖಾಲಿ ಜಾಗವಿದ್ದ ಸಂಗೀತ. ವೇಗ 140 ಬಿಪಿಎಂ (ನಿಮಿಷಕ್ಕೆ 140 ಪೆಟ್ಟು), ಆದರೆ ಸ್ನೇರ್ (ಛಟ್ ಎನ್ನುವ ಡ್ರಮ್ಮು) ಬೀಳುವುದು ಪ್ರತಿ ಬಾರ್‌ನ, ಅಂದರೆ ನಾಲ್ಕು ಪೆಟ್ಟಿನ ಆವರ್ತದ, ಮೂರನೆಯ ಪೆಟ್ಟಿಗೆ ಮಾತ್ರ, ಆದ್ದರಿಂದ ಕಾಲಿಗೆ 70ರ ನಡಿಗೆ ಅನ್ನಿಸುತ್ತದೆ. ಹಾಡನ್ನು ಹೊರುವುದು ಶುದ್ಧ ಸಬ್-ಬೇಸ್, 40–50 ಹರ್ಟ್ಸ್ ಆಸುಪಾಸಿನ ನುಣುಪಾದ ಅಲೆ. 2010ರ ಹೊತ್ತಿಗೆ ಸ್ಕ್ರಿಲೆಕ್ಸ್ ಮುಂತಾದವರ ಕೈಯಲ್ಲಿ ಅಮೆರಿಕದಲ್ಲಿ ಬೆಳೆದ ಬಗೆ ಬೇರೆ. ಅಲ್ಲಿ ಬೇಸ್ ಗುರುಗುಟ್ಟುತ್ತದೆ, ಕಿರುಚುತ್ತದೆ, ಶಕ್ತಿಯೆಲ್ಲ ಮಧ್ಯದ ಆವರ್ತನಗಳಿಗೆ ಏರಿಬಿಡುತ್ತದೆ. ಲ್ಯಾಪ್‌ಟಾಪ್ ಸ್ಪೀಕರಿನಲ್ಲೂ ಅದು ಪೂರ್ತಿ ಕೇಳುತ್ತದೆ. ಎರಡನ್ನೂ ಮೊದಲು ಮೊಬೈಲಿನಲ್ಲಿ, ಆಮೇಲೆ ಎಂ50ಎಕ್ಸ್‌ನಲ್ಲಿ ಹಾಕಿ ನೋಡಿ. ಮೊಬೈಲಿನಲ್ಲಿ ಲಂಡನ್ನಿನದು ಬರಿಯ ಟಿಕ್-ಟಿಕ್ ಮತ್ತು ಮೌನ, ಅಮೆರಿಕದ್ದು ಹಬ್ಬ. ಹೆಡ್‌ಫೋನಿನಲ್ಲಿ ಆ ಮೌನದ ಜಾಗವೆಲ್ಲ ತುಂಬಿಕೊಳ್ಳುತ್ತದೆ. ಅಮೆರಿಕದ್ದು ಆಗಲೂ ಚೆನ್ನಾಗಿಯೇ ಇರುತ್ತದೆ, ಆದರೆ ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ. ಇದರಲ್ಲಿ ಹೆಡ್‌ಫೋನಿನ ದೋಷವೂ ಉಂಟು: 9–10 ಕಿಲೊಹರ್ಟ್ಸ್ ಹತ್ತಿರ ಎಂ50ಎಕ್ಸ್‌ನ ಸ್ವರ ಮೊನಚಾಗಿ ಎದ್ದು ನಿಲ್ಲುತ್ತದೆ.

ಹೌಸ್ ಇದರ ಮೇಲೆ ಸೊಗಸಾಗಿ ಕೂರುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಶಿಕಾಗೊದ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತದಿಂದ ಬೆಳೆದ ಪ್ರಕಾರ ಇದು: 120ರಿಂದ 130 ಬಿಪಿಎಂ, ನಾಲ್ಕಕ್ಕೆ ನಾಲ್ಕೂ ಪೆಟ್ಟಿಗೆ ಕಿಕ್, ಪೆಟ್ಟುಗಳ ನಡುವೆ ತೆರೆದ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ). ಕಿಕ್ ಬಿದ್ದಾಗ ಬೇಸ್ ತಗ್ಗಿ ಮತ್ತೆ ಏಳುವ ಉಸಿರಾಟ, ಅಂದರೆ ಸೈಡ್‌ಚೈನ್ ಕೆಲಸ, ಇದರಲ್ಲಿ ಸ್ಪಷ್ಟವಾಗಿ ಹಿಡಿಸುತ್ತದೆ. ಎಂ50ಎಕ್ಸ್‌ನ ಬೇಸ್ ಸ್ವಲ್ಪ ಉಬ್ಬಿದ್ದರೂ ಕಲೆಸಿ ಹೋಗುವುದಿಲ್ಲ. 1983ರ ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರದ ಹೈ-ಹ್ಯಾಟ್ ಮಾತ್ರ ಇರಬೇಕಾದದ್ದಕ್ಕಿಂತ ಹೊಳಪಾಗಿ ಕೇಳುತ್ತದೆ. ಹಳೆಯ ಶಿಕಾಗೊ ರೆಕಾರ್ಡುಗಳಲ್ಲಿ ಇದು ಚುರುಕು, ಈಗಿನ ಜೋರು ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ಹಾಡಿನ ಒಟ್ಟು ಮಟ್ಟ ಹೊಂದಿಸುವ ಕೆಲಸ) ಚುಚ್ಚು.

ಆಸಿಡ್ ಹೌಸ್ ಕೇಳುವವರು ಒಂದು ಸಂಗತಿ ತಿಳಿದಿರಲಿ. ಬೇಸ್ ಗಿಟಾರಿಗೆ ಬದಲಿಯಾಗಲಿ ಎಂದು ರೋಲ್ಯಾಂಡ್ 1981ರಲ್ಲಿ ತಂದ ಟಿಬಿ-303 ಎಂಬ ಸಿಂಥಸೈಜರ್ ಮಾರುಕಟ್ಟೆಯಲ್ಲಿ ಸೋತು 1984ರಲ್ಲೇ ನಿಂತಿತು. ಶಿಕಾಗೊದ ಫ್ಯೂಚರ್ ತಂಡ ಅದರ ಗುಂಡಿಗಳನ್ನು ತಿರುವುತ್ತ ಕಿರಿಚುವ ಸದ್ದು ತೆಗೆದು 1987ರಲ್ಲಿ ರೆಕಾರ್ಡ್ ತಂದಿತು, ಆಸಿಡ್ ಹೌಸ್ ಬೆಳೆದದ್ದು ಅದರಿಂದ. ಅದಕ್ಕೂ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾದ ಚರಣ್‌ಜಿತ್ ಸಿಂಗ್ ಅದೇ ಟಿಬಿ-303 ಮತ್ತು ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದ್ದರು. 2010ರಲ್ಲಿ ಮರುಬಿಡುಗಡೆಯಾದ ಮೇಲೆಯೇ ಜಗತ್ತು ಅದನ್ನು ಗಮನಿಸಿದ್ದು. ರಾಗ ಕೇಳಿ ಬೆಳೆದ ಕಿವಿಗೆ ಎಲೆಕ್ಟ್ರಾನಿಕ್ ಸಂಗೀತದೊಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. 303ರ ಫಿಲ್ಟರ್ (ಸದ್ದಿನ ಕೆಲವು ಆವರ್ತನಗಳನ್ನು ತಡೆಯುವ ಭಾಗ) ತೆರೆದು ಮುಚ್ಚುವ ಪ್ರತಿ ಹಂತವೂ ಎಂ50ಎಕ್ಸ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಈ ಹೆಡ್‌ಫೋನಿಗೆ ಪೂರ್ತಿ ಅಂಕ ಕೊಡಬಹುದಾದ ಪ್ರಕಾರ ಇದೊಂದೇ.

ಡ್ರಮ್ ಆ್ಯಂಡ್ ಬೇಸ್‌ಗೆ ಬಂದರೆ ವೇಗ 160ರಿಂದ 180, ಹೆಚ್ಚಾಗಿ 174ರ ಆಸುಪಾಸು. ದಿ ವಿನ್‌ಸ್ಟನ್ಸ್ ತಂಡದ 1969ರ ಒಂದು ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಸುಮಾರು 7 ಸೆಕೆಂಡಿನ ಡ್ರಮ್ ತುಣುಕನ್ನು ಕತ್ತರಿಸಿ, ಜೋಡಿಸಿ, ವೇಗ ಹೆಚ್ಚಿಸಿ ಜಂಗಲ್ ಎಂಬ ಪ್ರಕಾರ ಹುಟ್ಟಿತು, ಅದರಿಂದ ಇದು. ಮೇಲೆ ಡ್ರಮ್ಮು ಓಡುತ್ತದೆ, ಕೆಳಗೆ ಬೇಸ್ ಅದರ ಅರ್ಧ ವೇಗದಲ್ಲಿ ನಡೆಯುತ್ತದೆ. ಮೊದಲ ಸಲ ಕೇಳುವವರು ಡ್ರಮ್ಮನ್ನೇ ಬೆನ್ನಟ್ಟಿ ಸುಸ್ತಾಗುತ್ತಾರೆ. ಬೇಸ್ ಹಿಡಿದು ಕೂತರೆ ಅದೇ ಹಾಡು ನಿಧಾನವಾಗುತ್ತದೆ. ಬೇಸ್ ಕೇಳಿಸದ ಸಾಧನದಲ್ಲಿ ಹಿಡಿಯುವುದಕ್ಕೆ ಏನೂ ಇರುವುದಿಲ್ಲ, ಈ ಪ್ರಕಾರ ಬರಿಯ ಗದ್ದಲ ಅನ್ನಿಸಲು ಅದೇ ಕಾರಣ. ಎಂ50ಎಕ್ಸ್ ಎರಡನ್ನೂ ಬೇರ್ಪಡಿಸಿ ಕೊಡುತ್ತದೆ. ಆದರೆ ಸುಮಾರು 350 ಹರ್ಟ್ಸ್ ಬಳಿ ಇದರ ಸ್ವರ ತಗ್ಗಿರುವುದರಿಂದ ಸ್ನೇರ್‌ನ ಮೈ ಸ್ವಲ್ಪ ಸೊರಗುತ್ತದೆ.

ಟ್ರಾನ್ಸ್‌ನಲ್ಲಿ ಈ ಹೆಡ್‌ಫೋನು ಸೋಲುತ್ತದೆ. 128ರಿಂದ 140 ಬಿಪಿಎಂನ ಈ ಸಂಗೀತದ ಜೀವ ಬ್ರೇಕ್‌ಡೌನಿನಲ್ಲಿದೆ: ಕಿಕ್ ನಿಂತು, ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಹರಡಿ, ಒಂದೆರಡು ನಿಮಿಷ ವಿಶಾಲವಾದ ಜಾಗ ತೆರೆದುಕೊಳ್ಳಬೇಕು. ಮುಚ್ಚಿದ ಬಟ್ಟಲಿನೊಳಗೆ ಆ ಜಾಗ ತಲೆಯ ಅಗಲಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ. ಗೋವಾ ಕಡಲತಡಿಯಲ್ಲಿ ಬೆಳೆದ ಸೈಟ್ರಾನ್ಸ್ ಬೇರೆ ಕಥೆ. 145 ಬಿಪಿಎಂನಲ್ಲಿ ಪ್ರತಿ ಪೆಟ್ಟನ್ನು ನಾಲ್ಕಾಗಿ ಸೀಳಿದರೆ ಮೊದಲ ಕಾಲು ಕಿಕ್‌ಗೆ, ಉಳಿದ ಮೂರು ಬೇಸ್‌ಗೆ. ಒಂದೊಂದೂ ಸೆಕೆಂಡಿನ ಹತ್ತನೇ ಒಂದು ಭಾಗ. ಇವು ಅಂಟಿಕೊಳ್ಳದೆ ಬಿಡಿಯಾಗಿ ಕೇಳಿದರೆ ಹೆಡ್‌ಫೋನು ಚುರುಕಾಗಿದೆ ಎಂದರ್ಥ. ಆ ಪರೀಕ್ಷೆಯಲ್ಲಿ ಎಂ50ಎಕ್ಸ್ ಪಾಸು.

ಬಿಗ್ ರೂಮ್, ಹಾರ್ಡ್‌ಸ್ಟೈಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇವೆರಡೂ ದೊಡ್ಡ ಮೈದಾನಕ್ಕೆಂದು ಕಟ್ಟಿದ ಸಂಗೀತ. ಡೊಳ್ಳಿನ ಪಕ್ಕ ನಿಂತವರಿಗೆ ಎದೆಗೆ ಬಡಿಯುವ ಬೇಸ್ ಏನೆಂದು ಗೊತ್ತು. ಅದು ಗಾಳಿ ಮೈಗೆ ತಾಗಿ ಆಗುವ ಅನುಭವ, ಯಾವ ಹೆಡ್‌ಫೋನೂ ಕೊಡಲಾರದು. ಕೋಣೆಯಲ್ಲಿ ಕುಳಿತು ಕೇಳಿ ಬಿಗ್ ರೂಮನ್ನು ಕೀಳು ಎನ್ನುವುದು ಅನ್ಯಾಯ.

ಡೆಟ್ರಾಯಿಟ್‌ನ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಕೈಯಲ್ಲಿ ರೂಪುಗೊಂಡ ಟೆಕ್ನೊ, ಅದರಲ್ಲೂ 1993ರಿಂದ ಬರ್ಲಿನ್ನಿನ ಬೇಸಿಕ್ ಚಾನೆಲ್ ಜೋಡಿ ಬೆಳೆಸಿದ ಡಬ್ ಟೆಕ್ನೊ, ತಾಳ್ಮೆ ಬೇಡುತ್ತದೆ. ಹತ್ತು ನಿಮಿಷ ಒಂದೇ ಕಾರ್ಡು. ಬದಲಾಗುವುದು ಅದರ ಪ್ರತಿಧ್ವನಿ, ಫಿಲ್ಟರು, ಹಿನ್ನೆಲೆಯ ಸುಯ್ಯೆನ್ನುವ ಸದ್ದು. ಇದನ್ನು ಎಲ್ಲಿ ಕೇಳುತ್ತೀರಿ ಎನ್ನುವುದು ಯಾವುದರಲ್ಲಿ ಕೇಳುತ್ತೀರಿ ಎನ್ನುವಷ್ಟೇ ಮುಖ್ಯ. ಮುಚ್ಚಿದ ಹೆಡ್‌ಫೋನು ಹೊರಗಿನ ಮೇಲುಸ್ವರದ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಕೆಳಸ್ವರದ ಸದ್ದನ್ನು ಬಹಳ ಕಡಿಮೆ. ಮೂಡಿಗೆರೆ ಕಡೆಯ ಜುಲೈ ಮಳೆ ತಗಡಿನ ಶೀಟಿನ ಮೇಲೆ ಹೊಯ್ಯುವಾಗ ಹುಟ್ಟುವ ಶಬ್ದದಲ್ಲಿ ಮೇಲುಸ್ವರವೇ ಹೆಚ್ಚು. ಎಂ50ಎಕ್ಸ್ ಹಾಕಿದರೆ ಅದು ಹಿಂದಕ್ಕೆ ಸರಿಯುತ್ತದೆ, ಸಬ್-ಬೇಸ್ ಮುಟ್ಟದೆ ಉಳಿಯುತ್ತದೆ. ಮಳೆಗಾಲದ ರಾತ್ರಿ ಡಬ್ ಟೆಕ್ನೊಗೆ ಹೇಳಿ ಮಾಡಿಸಿದ ಹೊತ್ತು. ಹಾಸನದಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಎಂಜಿನ್ನಿನ ಗುಂಯ್‌ಗುಡುವಿಕೆ ಇರುವುದೇ ಕೆಳಸ್ವರದಲ್ಲಿ. ಅದು ಬಟ್ಟಲು ದಾಟಿ ಬಂದು ಸಬ್-ಬೇಸನ್ನು ನುಂಗುತ್ತದೆ. ನೀವು ವಾಲ್ಯೂಮ್ ಏರಿಸುತ್ತೀರಿ, 9 ಕಿಲೊಹರ್ಟ್ಸ್ ಕಿವಿಗೆ ಚುಚ್ಚುತ್ತದೆ. ಬಸ್ಸಿನಲ್ಲೇ ಹೆಚ್ಚು ಕೇಳುವವರು ನಾಯ್ಸ್ ಕ್ಯಾನ್ಸಲಿಂಗ್ ಇರುವ ಹೆಡ್‌ಫೋನು ಕೊಳ್ಳಿ, ಇದು ಬೇಡ. ಆ ತಂತ್ರಜ್ಞಾನ ಚೆನ್ನಾಗಿ ಕೆಲಸ ಮಾಡುವುದು ಕೆಳಸ್ವರದ ಏಕತಾನದ ಸದ್ದಿನ ಮೇಲೆಯೇ.

ಇನ್ನು ರುಚಿಯ ಪ್ರಶ್ನೆ. ಮತ್ತೆ ಮತ್ತೆ ಎದುರಾದದ್ದನ್ನು ಮನುಷ್ಯ ಇಷ್ಟಪಡತೊಡಗುತ್ತಾನೆ ಎಂದು ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದರು. ತೀರಾ ಸರಳವಾದದ್ದೂ ತೀರಾ ಜಟಿಲವಾದದ್ದೂ ಹಿಡಿಸುವುದಿಲ್ಲ, ಮಧ್ಯದ್ದು ಹಿಡಿಸುತ್ತದೆ ಎಂಬ ವಾದವನ್ನು 1971ರಲ್ಲಿ ಡೇನಿಯಲ್ ಬರ್ಲೈನ್ ಮುಂದಿಟ್ಟರು. ಎರಡನ್ನೂ ಕೂಡಿಸಿ ನೋಡಿದರೆ, ಕೇಳಿದಷ್ಟೂ ಒಂದು ಬಗೆಯ ಜಟಿಲತೆ ಪರಿಚಿತವಾಗುತ್ತದೆ, ಆ ‘ಮಧ್ಯ’ ಸರಿಯುತ್ತ ಹೋಗುತ್ತದೆ. ಹಾಗಾಗಿ ಐದು ವರ್ಷ ಕೇಳಿದವರಿಗೆ ಡ್ರಾಪ್ (ಕಿಕ್, ಬೇಸ್ ಒಟ್ಟಿಗೆ ಅಪ್ಪಳಿಸುವ ಘಳಿಗೆ) ಯಾವಾಗ ಬೀಳುತ್ತದೆ ಎಂದು ಮೊದಲೇ ಗೊತ್ತಾಗಿ ಬೇಸರ ಹುಟ್ಟುವುದು ಸಹಜ. 128 ಬಿಪಿಎಂನಲ್ಲಿ 16 ಬಾರ್ ಎಂದರೆ ಸರಿಯಾಗಿ 30 ಸೆಕೆಂಡು. ಬಿಲ್ಡ್-ಅಪ್, ಅಂದರೆ ಡ್ರಾಪ್‌ಗೆ ಮುಂಚಿನ ಏರಿಕೆ, ಶುರುವಾದ ಕೂಡಲೇ ಮೈ ತಾನೇ ಎಣಿಸತೊಡಗುತ್ತದೆ. ಇದನ್ನು ಬಲಿಯುವುದು ಎನ್ನಬಹುದು. ಆದರೆ ಆ ದಾರಿ ಬಿಗ್ ರೂಮಿನಿಂದ ಟೆಕ್ನೊಗೇ ಹೋಗಬೇಕೆಂದಿಲ್ಲ. ಟೆಕ್ನೊದಲ್ಲಿ ಮುಳುಗಿದ್ದವರು ಎಂಟು ವರ್ಷದ ಮೇಲೆ ಅತಿ ವೇಗದ, ಕುಣಿದಾಡಿಸುವ ಹ್ಯಾಪಿ ಹಾರ್ಡ್‌ಕೋರಿಗೆ ಹೋದರೆ ಅದೂ ಅದೇ ಚಲನೆ. ಬಲಿತ ಕಿವಿಗೆ ಗುರುತು ಯಾವುದು ಎಂದು ಕೇಳಿದರೆ, ಇಷ್ಟವಿಲ್ಲದ ಪ್ರಕಾರದಲ್ಲೂ ಒಳ್ಳೆಯ ಹಾಡು ಯಾವುದು, ಸಪ್ಪೆ ಯಾವುದು ಎಂದು ಕಾರಣ ಸಮೇತ ಹೇಳಬಲ್ಲದ್ದು ಎನ್ನಬೇಕು. ಅದಕ್ಕೆ ಹಾಡಿನ ಎಲ್ಲ ಪದರವೂ ಕೇಳಿಸಬೇಕು, ಮತ್ತು ಹೋಲಿಕೆ ನ್ಯಾಯವಾಗಿರಬೇಕು.

ಹೋಲಿಸುವಾಗ ಎಲ್ಲರೂ ಎಡವುವುದು ವಾಲ್ಯೂಮಿನಲ್ಲಿ. ಜೋರಾಗಿರುವುದು ಚೆನ್ನಾಗಿದೆ ಎಂದೇ ಕಿವಿ ತಿಳಿಯುತ್ತದೆ. ಡ್ರಮ್ ಆ್ಯಂಡ್ ಬೇಸ್, ಬಿಗ್ ರೂಮನ್ನು ಬಹಳ ಜೋರಾಗಿ ಮಾಸ್ಟರ್ ಮಾಡುತ್ತಾರೆ, ಡಬ್ ಟೆಕ್ನೊವನ್ನು ಮೆತ್ತಗೆ. ಸ್ಪಾಟಿಫೈ ಸೆಟ್ಟಿಂಗ್ಸ್‌ನಲ್ಲಿ ನಾರ್ಮಲೈಸೇಶನ್ ಆನ್ ಮಾಡಿ. ಅದು ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ಸರಿದೂಗಿಸುತ್ತದೆ. ಕ್ರಾಸ್‌ಫೇಡ್ ಆಫ್ ಇರಲಿ, ಇಲ್ಲದಿದ್ದರೆ ಹಾಡಿನ ಮೊದಲ ಬಾರ್‌ಗಳು ಹಿಂದಿನದರೊಡನೆ ಕಲೆತು ಹೋಗುತ್ತವೆ. ಕೆಳಮಟ್ಟದ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಬರುವ ಡೇಟಾ ಕಡಿಮೆಯಿದ್ದಾಗ) ಮೊದಲು ಹಾಳಾಗುವುದು ಹೈ-ಹ್ಯಾಟ್. 320 ಕೆಬಿಪಿಎಸ್‌ನಲ್ಲಿ 7 ನಿಮಿಷದ ಟ್ರ್ಯಾಕಿಗೆ ಸುಮಾರು 17 ಎಂಬಿ ಬೇಕು. ಎಸ್ಟೇಟುಗಳ ಒಳಗೆ, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 57 ಸುರಂಗಗಳ ರೈಲು ದಾರಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಊರಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಹಾಡುಗಳ ಡೌನ್‌ಲೋಡ್ ಸ್ಪಾಟಿಫೈನ ಉಚಿತ ಖಾತೆಯಲ್ಲಿ ಆಗದು, ಆ ಸೌಲಭ್ಯವಿರುವ ಪ್ರೀಮಿಯಂ ಬೇಕು. 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬರದಿದ್ದರೆ ಡೌನ್‌ಲೋಡ್ ಆದ ಹಾಡುಗಳು ನಿಂತುಹೋಗುತ್ತವೆ.

ಮಟ್ಟ ತೀರಾ ಕೆಳಗಿದ್ದರೂ ತೊಂದರೆಯೇ: ಕಡಿಮೆ ವಾಲ್ಯೂಮಿನಲ್ಲಿ ಮನುಷ್ಯನ ಕಿವಿ ಬೇಸನ್ನು ಕಡಿಮೆ ಗ್ರಹಿಸುತ್ತದೆ. ಹಾಗೆಂದು ಏರಿಸುತ್ತ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. 90 ಡೆಸಿಬೆಲ್‌ಗೆ ಏರಿದರೆ ಅದು ವಾರಕ್ಕೆ 4 ಗಂಟೆಗೆ ಇಳಿಯುತ್ತದೆ.

ಎಂ50ಎಕ್ಸ್‌ನ ಮೊನಚನ್ನು ಈಕ್ವಲೈಸರ್‌ನಲ್ಲಿ (ಒಂದೊಂದು ಆವರ್ತನದ ಮಟ್ಟ ಏರಿಳಿಸುವ ಆ್ಯಪ್) ಸಾಕಷ್ಟು ಸರಿಪಡಿಸಬಹುದು. 9.5 ಕಿಲೊಹರ್ಟ್ಸ್ ಬಳಿ 4 ಡೆಸಿಬೆಲ್ ಇಳಿಸಿ, 350 ಹರ್ಟ್ಸ್ ಬಳಿ 2 ಏರಿಸಿ, 150ರ ಬಳಿ 2 ಇಳಿಸಿ. ಏರಿಸಿದಷ್ಟು ಪ್ರಿಆ್ಯಂಪ್ (ಈಕ್ವಲೈಸರಿನಲ್ಲೇ ಇರುವ ಒಟ್ಟು ಮಟ್ಟದ ಗುಂಡಿ) ತಗ್ಗಿಸದಿದ್ದರೆ ಕಿಕ್ ಬಿದ್ದಾಗ ಸದ್ದು ಒಡೆಯಬಹುದು. ಟ್ರಾನ್ಸ್‌ಗೆ ಬೇಕಾದ ವಿಸ್ತಾರ ಮಾತ್ರ ಯಾವ ಈಕ್ವಲೈಸರಿನಿಂದಲೂ ಬರದು.

ಫೋನಿಗೆ 3.5 ಮಿಲಿಮೀಟರ್ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಬೇಕು. ಡಾಂಗಲ್‌ಗಳಲ್ಲಿ ಎರಡು ಬಗೆ. ಒಂದರೊಳಗೆ ಡಿಜಿಟಲ್ ಸದ್ದನ್ನು ಅನಲಾಗ್ ಆಗಿಸುವ ಡಿಎಸಿ ಚಿಪ್ ಇರುತ್ತದೆ, ಇನ್ನೊಂದು ಬರಿಯ ತಂತಿ. ಎರಡನೆಯದು ಕೆಲಸ ಮಾಡಬೇಕಾದರೆ ಫೋನೇ ಅನಲಾಗ್ ಸದ್ದು ಹೊರಗೆ ಕೊಡಬೇಕು. ಎಷ್ಟೋ ಫೋನುಗಳು ಕೊಡುವುದಿಲ್ಲ. ‘ಡಾಂಗಲ್ ಹಾಳಾಗಿದೆ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಪೊಟ್ಟಣದ ಮೇಲೆ ಡಿಎಸಿ ಎಂದು ಬರೆದಿರುವುದನ್ನೇ ಕೊಳ್ಳಿ. 38 ಓಮಿನ ಈ ಹೆಡ್‌ಫೋನಿಗೆ ಬೇರೆ ಆಂಪ್ಲಿಫೈಯರ್ ಬೇಡ.

ಬೇಸ್ ಇದ್ದಕ್ಕಿದ್ದಂತೆ ಮಾಯವಾದರೆ ಮೊದಲು ನೋಡಬೇಕಾದ್ದು ಕುಶನ್ನಿನ ಅಂಚು. ಕನ್ನಡಕದ ಕಾಲು ಅಥವಾ ಕೂದಲು ಸಿಕ್ಕಿ ಸಣ್ಣ ಸಂದಿಯಾದರೂ ಸಬ್-ಬೇಸ್ ಸೋರಿಹೋಗುತ್ತದೆ. 20ರಿಂದ 100 ಹರ್ಟ್ಸ್‌ವರೆಗೆ ಏರುವ ಟೋನ್ ನುಡಿಸಿ, ಬಟ್ಟಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ಜಿಗಿದರೆ ಸೋರಿಕೆ ಇದೆ ಎಂದೇ ಅರ್ಥ. ಅದೇ ಟೋನಿನಲ್ಲಿ ಗರಗರ ಸದ್ದು ಬಂದರೆ ಡ್ರೈವರಿನ ಪೊರೆಗೆ ಕೂದಲು ತಾಗಿರಬಹುದು. ಕುಶನ್ ತೆಗೆದು ಮೃದುವಾದ ಬ್ರಷ್ಷಿನಿಂದ ತೆಗೆಯಿರಿ, ಊದಬೇಡಿ, ಒರೆಸಬೇಡಿ.

ಮಲೆನಾಡಿನಲ್ಲಿ ಈ ಹೆಡ್‌ಫೋನಿನ ದೊಡ್ಡ ಶತ್ರು ತೇವ. ಕುಶನ್ ಕೃತಕ ಚರ್ಮದ್ದು. ಬೆವರು, ತೇವ ಸೇರಿದರೆ ಮೇಲ್ಪದರ ಸಿಪ್ಪೆಯಾಗಿ ಏಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೇ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ಬರುವ ಚೀಲ ತೇವವನ್ನು ತಡೆಯುವುದಿಲ್ಲ, ಬೆವರೊರೆಸದೆ ಹಾಕಿದರೆ ಇನ್ನಷ್ಟು ಕೆಡಿಸುತ್ತದೆ. ಕೇಳಿ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಅದೇ ತಿಳಿಸುತ್ತದೆ. ಕುಶನ್ ಬದಲಿಸಲು ಅಂಟು, ಸ್ಕ್ರೂ ಏನೂ ಬೇಡ. ಹಳೆಯದರ ತೆಳು ಅಂಚನ್ನು ಬಟ್ಟಲಿನ ಸಂದಿಯಿಂದ ಎಳೆದು ತೆಗೆಯಬೇಕು. ಹೊಸದರ ಅಂಚನ್ನು ಒಂದು ಕಡೆ ಸಿಕ್ಕಿಸಿ ಬೆರಳಿನಿಂದ ಸುತ್ತಲೂ ತಳ್ಳುತ್ತ ಬಂದರೆ ಕೂರುತ್ತದೆ. ಬೇರೆ ಕಂಪನಿಗಳ ದಪ್ಪ ಕುಶನ್ ಕಿವಿಗೆ ಆರಾಮ, ಆದರೆ ಡ್ರೈವರ್ ದೂರ ಸರಿಯುವುದರಿಂದ ಸ್ವರವೇ ಬೇರೆಯಾಗುತ್ತದೆ. ಮೊದಲ ಸಲ ಕಂಪನಿಯದನ್ನೇ ಹಾಕಿ.

ಹೊಸದಾಗಿದ್ದಾಗ ತಲೆಯನ್ನು ಬಿಗಿಯಾಗಿ ಒತ್ತುತ್ತದೆ, ಬೇಸಿಗೆಯ ಮಧ್ಯಾಹ್ನ ಕಿವಿ ಬೆವರುತ್ತದೆ. ಎರಡು ಗಂಟೆಯ ಡಿಜೆ ಸೆಟ್ ಒಂದೇ ಸಲಕ್ಕೆ ಕೇಳುವುದು ಕಷ್ಟ.

ಕೊಳ್ಳಬೇಕೇ? ಹೌಸ್, ಆಸಿಡ್, ಡ್ರಮ್ ಆ್ಯಂಡ್ ಬೇಸ್, ಲಂಡನ್ ಬಗೆಯ ಡಬ್‌ಸ್ಟೆಪ್ ಕಡೆ ಒಲವಿದ್ದು ಮನೆಯಲ್ಲೇ ಕೇಳುವವರು ಧಾರಾಳವಾಗಿ ಕೊಳ್ಳಿ. ಸ್ವತಃ ಟ್ರ್ಯಾಕ್ ತಯಾರಿಸಲು ಹೊರಟವರಿಗೆ ಇದೇ ಸಾಲಿನ ಅಗ್ಗದ ಎಂ40ಎಕ್ಸ್ ಮೇಲು. ಅದರ ಬೇಸ್ ಹೆಚ್ಚು ಸಮತಟ್ಟು, ಮಿಕ್ಸ್ ಮಾಡುವಾಗ ದಾರಿ ತಪ್ಪಿಸುವುದು ಕಡಿಮೆ. ಟ್ರಾನ್ಸ್, ಆ್ಯಂಬಿಯೆಂಟ್ ಪ್ರಿಯರು ಹಿಂಭಾಗ ತೆರೆದ ಮಾದರಿಗಳನ್ನು ನೋಡಿ, ಮಳೆಯ ಸದ್ದು ಅದರೊಳಗೆ ನೇರ ಬರುತ್ತದೆ ಎನ್ನುವುದು ನೆನಪಿರಲಿ. ಎಂ50ಎಕ್ಸ್‌ನ ನಕಲಿ ಮಾಲು ಸಾಕಷ್ಟಿದೆ. ಅಧಿಕೃತ ಮಾರಾಟಗಾರರೇ ಎಂದು ಖಚಿತಪಡಿಸಿಕೊಂಡು, ವಾರಂಟಿ ಬಿಲ್ ತೆಗೆದುಕೊಳ್ಳಿ. ಬಂದ ದಿನವೇ ಆ 20–100 ಹರ್ಟ್ಸ್ ಟೋನನ್ನು ಎರಡೂ ಕಿವಿಗೆ ಬೇರೆಬೇರೆಯಾಗಿ ನುಡಿಸಿ ನೋಡಿ. ಎಡಬಲದ ಮಟ್ಟ ಒಂದೇ ಇಲ್ಲದಿದ್ದರೆ ರಿಟರ್ನ್ ಅವಧಿಯೊಳಗೇ ವಾಪಸ್ ಕಳಿಸಿ.